ಜೋಕಾಲಿಯೂ ಹಾಡೂ

ಹೋದ ವರ್ಷದ ನಾಗರ ಪಂಚಮಿಗೆ ನಮ್ಮ ಊರಾದ ಕುಪ್ಪೇಲೂರಿಗೆ ಹೋಗಿದ್ದೆ. ರಾಣೆಬೆನ್ನೂರು ತಾಲೂಕಿನ ಉಳಿದ ಹಳ್ಳಿಗಳಂತೆ ಅಲ್ಲಿಯೂ ಪಂಚಮಿಯೆಂದರೆ ಜೋಕಾಲಿಯ ಹಬ್ಬ. ಊರ ಬೇವಿನ ಮರದ ಕೊಂಬೆಗೆ ಜೋಕಾಲಿಯನ್ನು ಕಟ್ಟಿದ್ದರು. ಹಗ್ಗ ಹೊಸದಿತ್ತು, ಮಣೆ ಗಟ್ಟಿಯಿತ್ತು, ಸರದಿ ಕಾಯುವ ಹುಡುಗಿಯರೂ ಇದ್ದರು. ಹಾಡೂ ಇತ್ತು. ಆದರೆ ಅದು ಜೋಕಾಲಿಯ ಮೇಲಿನಿಂದ ಬರುತ್ತಿರಲಿಲ್ಲ. ಬೇವಿನ ಬುಡದಲ್ಲಿ ಕಲ್ಲಿಗೆ ಒರಗಿಸಿಟ್ಟ ಮೊಬೈಲಿನಿಂದ ಬರುತ್ತಿತ್ತು. ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿಯೊಬ್ಬಳು ಸ್ವಲ್ಪ ಹೊತ್ತು ನೋಡಿ, "ಜೀಕಾಕಿ ಹಾಡವಲ್ಲಳು, ಹಾಡೂದು ಜೀಕವಲ್ಲದು" ಎಂದಳು.

ಸುತ್ತಲಿನವರು ನಕ್ಕರು, ನಾನೂ ನಕ್ಕೆ. ಆದರೆ ಮರಳಿ ರಾಣೆಬೆನ್ನೂರಿನ ಬಸ್ಸಿನಲ್ಲಿ ಕುಳಿತಾಗ ಆ ಮಾತು ನಗೆಯಾಗಿ ಉಳಿಯಲಿಲ್ಲ. ಮೈ ತೂಗಾಡುವುದಕ್ಕೂ ಬಾಯಿ ಹಾಡುವುದಕ್ಕೂ ಇರುವ ನಂಟು ಎಂಥದು? ಆ ಎರಡನ್ನೂ ಬೇರ್ಪಡಿಸಿ, ತೂಗುವ ಕೆಲಸವನ್ನು ಒಂದು ಯಂತ್ರಕ್ಕೂ ಹಾಡುವ ಕೆಲಸವನ್ನು ಇನ್ನೊಂದು ಯಂತ್ರಕ್ಕೂ ಒಪ್ಪಿಸಿದಾಗ ನಾವು ಕಳೆದುಕೊಳ್ಳುವುದು ಏನು? ಕಳೆದುಕೊಳ್ಳುವುದು ನಿಜವಾಗಿ ಏನಾದರೂ ಉಂಟೆ, ಅಥವಾ ಅದು ವಯಸ್ಸಾದವರ ಗೊಣಗು ಮಾತ್ರವೆ? ಈ ಪ್ರಶ್ನೆಗಳನ್ನು ವರ್ಷವಿಡೀ ಮನಸ್ಸಿನಲ್ಲಿ ಹೊತ್ತು ತಿರುಗಿದ್ದೇನೆ. ದೊರೆತಷ್ಟು ಉತ್ತರವನ್ನು ಓದುಗರ ಮುಂದಿಡುವೆ.

ಉತ್ತರ ಕರ್ನಾಟಕದವರಿಗೆ ಪಂಚಮಿಯನ್ನು ವರ್ಣಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯ ಗೆಳೆಯರಿಗಾಗಿ ಎರಡು ಮಾತು. ಶ್ರಾವಣ ಶುದ್ಧ ಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ, ಮದುವೆಯಾದ ಹೆಣ್ಣುಮಗಳನ್ನು ತವರಿಗೆ ಕರೆತರುವುದು ವಾಡಿಕೆ. ಮನೆಮನೆಗೆ ರೊಟ್ಟಿ ಹಂಚುವ ರೊಟ್ಟಿಪಂಚಮಿ, ಹುತ್ತಕ್ಕೆ ಹಾಲೆರೆಯುವ ದಿನ, ತಂಬಿಟ್ಟಿನ ಉಂಡಿ, ಶೇಂಗಾ ಉಂಡಿ, ಜೋಳದ ಅರಳು, ಗಂಡುಹುಡುಗರು ದಾರ ಪೋಣಿಸಿ ತಿರುಗಿಸುವ ಕೊಬ್ಬರಿ ಬಟ್ಟಲು, ಇವೆಲ್ಲ ಹಬ್ಬದ ಅಂಗಗಳು. ಆದರೆ ಹೆಣ್ಣುಮಕ್ಕಳ ಪಾಲಿಗೆ ಹಬ್ಬದ ಜೀವ ಇರುವುದು ಜೋಕಾಲಿಯಲ್ಲಿ. ವರ್ಷವೆಲ್ಲ ನೆಲ ನೋಡಿ ನಡೆದವರು ಆ ಎರಡು ಮೂರು ದಿನ ಮುಗಿಲು ನೋಡುತ್ತಾರೆ.

ನಮ್ಮ ಭಾಷೆ ಈ ವಿಷಯದಲ್ಲಿ ಬಹಳ ಸೂಕ್ಷ್ಮವಾಗಿದೆ. ತೊಟ್ಟಿಲನ್ನು ನಾವು ತೂಗುತ್ತೇವೆ, ಜೋಕಾಲಿಯನ್ನು ಜೀಕುತ್ತೇವೆ. ತೂಗುವುದು ಇನ್ನೊಬ್ಬರಿಗಾಗಿ ಮಾಡುವ ಕೆಲಸ. ಜೀಕುವುದು ತನ್ನ ಮೈಯ ಬಲದಿಂದ ತಾನೇ ಮೇಲೇರುವುದು. ಜಾತ್ರೆಯ ಯಂತ್ರದ ತೊಟ್ಟಿಲಿಗೆ ಈ ಎರಡು ಕ್ರಿಯಾಪದಗಳೂ ಒಪ್ಪುವುದಿಲ್ಲ. ಅದನ್ನು ನಾವು 'ಹತ್ತುತ್ತೇವೆ', ಬಸ್ಸು ಹತ್ತಿದ ಹಾಗೆ. ಅನಂತರದ್ದು ಯಂತ್ರದ ಪಾಲು. ಜೀಕುವುದಕ್ಕಾದರೋ ಒಂದು ಹದವಿದೆ. ಮಣೆಯ ಮೇಲೆ ನಿಂತವಳು ತೂಗಾಟದ ತುದಿಯಲ್ಲಿ ಮೊಣಕಾಲು ಮಡಿಸಿ ತಗ್ಗಬೇಕು, ನಡುವಿಗೆ ಬರುವಾಗ ನೆಟ್ಟಗೆ ಏಳಬೇಕು. ಹಾಗೆ ಏಳುವಾಗ ಅವಳ ಕಾಲುಗಳು ಮಾಡಿದ ಕೆಲಸವೇ ಜೋಕಾಲಿಯ ಎತ್ತರವಾಗಿ ಬೆಳೆಯುತ್ತದೆ. ಕ್ಷಣ ತಪ್ಪಿದರೆ ದುಡಿಮೆ ವ್ಯರ್ಥ. ಆ ಕ್ಷಣವನ್ನು ಹಿಡಿದುಕೊಡುವ ಸಾಧನವೇ ಹಾಡು.

ಈ ಹಾಡಿನ ತಾಳವನ್ನು ನಿರ್ಣಯಿಸುವುದು ಹಗ್ಗ. ತೂಗಾಡುವ ವಸ್ತುವಿಗೆ ಒಮ್ಮೆ ಹೋಗಿ ಬರಲು ಬೇಕಾಗುವ ವೇಳೆ ಅದರ ಭಾರವನ್ನು ಅವಲಂಬಿಸದೆ ಉದ್ದವನ್ನು ಅವಲಂಬಿಸುತ್ತದೆಂಬುದನ್ನು ಶಾಲೆಯಲ್ಲಿ ಲೋಲಕದ ಪಾಠದಲ್ಲಿ ಓದಿದ್ದೇವೆ. ಒಂದು ಮೀಟರು ಉದ್ದದ ಹಗ್ಗಕ್ಕೆ ಸುಮಾರು ೨ ಸೆಕೆಂಡು. ನಾಲ್ಕು ಮೀಟರಿನ ಹಗ್ಗಕ್ಕೆ ಸುಮಾರು ೪ ಸೆಕೆಂಡು. ತೆಳ್ಳನೆಯ ಹುಡುಗಿ ಕುಳಿತರೂ ಅಷ್ಟೆ, ಮೈತುಂಬಿದ ಗೃಹಿಣಿ ಕುಳಿತರೂ ಅಷ್ಟೆ. ಎತ್ತರದ ಕೊಂಬೆಗೆ ಕಟ್ಟಿದ ಜೋಕಾಲಿಯ ಹಾಡು ತಾನಾಗಿಯೇ ವಿಲಂಬಿತವಾಗುತ್ತದೆ, ತಗ್ಗಿನ ಕೊಂಬೆಯದು ಚುರುಕಾಗುತ್ತದೆ. ಇಂಥ ಹಿಗ್ಗು ಕುಗ್ಗುಗಳಿಗೆ ಹೊಂದಿಕೊಳ್ಳಬಲ್ಲ ಛಂದಸ್ಸು ನಮ್ಮಲ್ಲಿ ಬಹು ಹಿಂದಿನಿಂದಲೂ ಇದೆ. ಸುಮಾರು ಕ್ರಿ. ಶ. ೭೦೦ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಕಾಣಿಸಿಕೊಂಡ ತ್ರಿಪದಿಯು ಅಂಶಗಣದ್ದು. ಅದರ ಅಕ್ಷರಗಳನ್ನು ಹಾಡುವವರು ತಮ್ಮ ಉಸಿರಿಗೆ ತಕ್ಕಂತೆ ಎಳೆಯಬಹುದು, ಮೊಟಕುಗೊಳಿಸಬಹುದು. ಹಾಡುವಾಗ ಎರಡನೆಯ ಸಾಲನ್ನು ಮರಳಿ ಹಿಡಿಯುವುದರಿಂದ ಮೂರು ಸಾಲು ನಾಲ್ಕರಂತೆ ಕೇಳಿಸುತ್ತದೆ. ಬೀಸುವ ಕಲ್ಲು ಸುತ್ತುವಾಗಲೂ ತೊಟ್ಟಿಲು ತೂಗುವಾಗಲೂ ಜೋಕಾಲಿ ಜೀಕುವಾಗಲೂ ನಮ್ಮ ತಾಯಂದಿರ ಬಾಯಿಗೆ ತ್ರಿಪದಿಯೇ ಬಂದದ್ದು ಆಕಸ್ಮಿಕವಲ್ಲ.

ಶರೀರಶಾಸ್ತ್ರವೂ ಈ ನಂಟಿಗೆ ಸಾಕ್ಷಿ ನುಡಿಯುತ್ತದೆ. ನಮ್ಮ ಒಳಗಿವಿಯ ಎಲುಬಿನ ಗೂಡಿನಲ್ಲಿ ಎರಡು ಅಂಗಗಳು ಒಂದೇ ಮನೆಯ ಎರಡು ಕೋಣೆಗಳಂತಿವೆ. ಒಂದು, ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ, ನಾದವನ್ನು ಗ್ರಹಿಸುವ ಅಂಗ. ಇನ್ನೊಂದು, ಮೂರು ಅರ್ಧವೃತ್ತದ ನಾಳಗಳುಳ್ಳ, ಮೈಯ ಚಲನೆಯನ್ನೂ ಸಮತೋಲವನ್ನೂ ಅರಿಯುವ ಅಂಗ. ಎರಡರ ಸುದ್ದಿಯನ್ನೂ ಮೆದುಳಿಗೆ ಒಯ್ಯುವುದು ಒಂದೇ ನರ, ಎಂಟನೆಯ ಕಪಾಲನರ. ಜೋಕಾಲಿ ಕೆಳಗಿಳಿಯುವಾಗ ಹೊಟ್ಟೆಯಲ್ಲಿ ಝಲ್ಲೆನ್ನುವ ಅನುಭವಕ್ಕೂ ಕಿವಿಗೆ ಬೀಳುವ ಹಾಡಿಗೂ ಒಳಗೆ ಇಷ್ಟು ಹತ್ತಿರದ ನೆರೆಹೊರೆ. ಮಗುವನ್ನು ಬರಿದೆ ತೂಗದೆ ಜೋಗುಳವನ್ನೂ ಕೂಡಿಸಿದ ತಾಯಿ ಯಾವ ಶಾಸ್ತ್ರವನ್ನೂ ಓದಿರಲಿಲ್ಲ. ಆದರೆ ಅವಳ ಅನುಭವ ಶಾಸ್ತ್ರಕ್ಕಿಂತ ಹಿಂದೆ ಬಿದ್ದಿರಲಿಲ್ಲ.

ತೂಗಾಟ ಮತ್ತು ಹಾಡುಗಳೆರಡನ್ನೂ ಕಂಡು ಬರೆದಿಟ್ಟ ಒಬ್ಬ ಹಳೆಯ ಪ್ರವಾಸಿಯ ನೆನಪು ಇಲ್ಲಿ ಬರುತ್ತದೆ. ಆತ ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ. ೧೬೧೫ರಲ್ಲಿ ಆತ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿದ್ದಾಗ ರಮಜಾನ್ ಮುಗಿದ ಹಬ್ಬಕ್ಕೆ ಅಲ್ಲಿಯ ಬೀದಿಗಳಲ್ಲಿ ಉಯ್ಯಾಲೆಗಳನ್ನೂ ಜನರನ್ನು ಮೇಲೆ ಕೆಳಗೆ ಒಯ್ಯುವ ದೊಡ್ಡ ಮರದ ಚಕ್ರಗಳನ್ನೂ ಹೂಡಿದ್ದರು. ಅಂಥ ಒಂದು ಚಕ್ರವನ್ನು ಆತ ಹತ್ತಿದ. ಅಷ್ಟು ವೇಗದಲ್ಲಿ ಏರಿಳಿಯುವುದು ಅವನಿಗೆ ಹಿಗ್ಗನ್ನು ತಂದಿತು. ಆದರೆ ಹತ್ತಿರ ಕುಳಿತಿದ್ದ ಗ್ರೀಕನೊಬ್ಬ ತಾಳಲಾರದೆ 'ಸಾಕು, ಸಾಕು' ಎಂದು ತನ್ನ ಭಾಷೆಯಲ್ಲಿ ಕೂಗಿಕೊಂಡನಂತೆ. ಇಂದಿನ ಜಾತ್ರೆಗಳಲ್ಲಿ ನಾವು ಕಾಣುವ ತೊಟ್ಟಿಲಿನ ಹಿರಿಯರಲ್ಲೊಂದು ಆ ಚಕ್ರ.

ಅದೇ ದೆಲ್ಲಾ ವಾಲ್ಲೆ ಎಂಟು ವರ್ಷಗಳ ತರುವಾಯ, ೧೬೨೩ರಲ್ಲಿ, ಗೋವೆಯ ಪೋರ್ಚುಗೀಸರ ರಾಯಭಾರಿಯೊಡನೆ ಹೊನ್ನಾವರದಲ್ಲಿಳಿದು ಗೇರುಸೊಪ್ಪೆಯ ಘಟ್ಟವನ್ನೇರಿ ನಮ್ಮ ಇಕ್ಕೇರಿಗೆ ಬಂದ. ಆಗ ಅಲ್ಲಿ ಆಳುತ್ತಿದ್ದವನು ಕೆಳದಿಯ ವೆಂಕಟಪ್ಪ ನಾಯಕ. ಒಂದು ಸಂಜೆ ಇಕ್ಕೇರಿಯ ಬೀದಿಯಲ್ಲಿ ಚೆಂದವಾಗಿ ಉಟ್ಟುತೊಟ್ಟ ಹುಡುಗಿಯರ ಗುಂಪುಗಳು ಬಣ್ಣದ ಸಣ್ಣ ಕೋಲುಗಳನ್ನು ಬಡಿಯುತ್ತ, ಡೋಲಿನ ಗತ್ತಿಗೆ ಸುತ್ತುತ್ತ ಹೋಗುವುದನ್ನು ಆತ ಕಂಡ. ಜಾಣೆಯೊಬ್ಬಳು ಪದ ಹೇಳುತ್ತಿದ್ದಳು. ಉಳಿದವರೆಲ್ಲ ಕೊನೆಗೆ 'ಕೋಲೆ, ಕೋಲೆ' ಎಂದು ಸೊಲ್ಲು ಹಿಡಿಯುತ್ತಿದ್ದರು. ಆ ಶಬ್ದದ ಅರ್ಥ ತನಗೆ ತಿಳಿಯದು, ಅದು ಸಂತೋಷವನ್ನು ಸೂಚಿಸುವ ಮಾತಾಗಿರಬೇಕು ಎಂದು ಆತ ಬರೆದುಕೊಂಡ. ಅರ್ಥ ತಪ್ಪಿದರೂ ಭಾವ ತಪ್ಪಲಿಲ್ಲ ಎನ್ನಬೇಕು. ಒಬ್ಬನೇ ಮನುಷ್ಯ ಎರಡು ದೇಶಗಳಲ್ಲಿ ಕೇಳಿದ ಎರಡು ದನಿಗಳು ಇವು: ಚಕ್ರದ ಮೇಲಿನವನದು ಕೂಗು, ತನ್ನ ಕಾಲಿನಿಂದ ಸುತ್ತಿದವರದು ಹಾಡು. ನಾಲ್ಕು ನೂರು ವರ್ಷಗಳ ಮೇಲೆಯೂ ಆ ಭೇದ ಹಾಗೆಯೇ ಇದೆ.

ಹಾಡು ಹೆಚ್ಚು, ಕೂಗು ಕಡಿಮೆ ಎಂದು ಇಲ್ಲಿಗೇ ತೀರ್ಪು ಕೊಟ್ಟು ಮುಗಿಸಬಹುದಿತ್ತು. ಹಾಗೆ ಮಾಡಲು ನನ್ನ ಅನುಭವ ಬಿಡುವುದಿಲ್ಲ. ಎರಡು ಪ್ರಸಂಗಗಳನ್ನು ಹೇಳಬೇಕಾಗಿದೆ.

ಮೊದಲನೆಯದು ಸುಮಾರು ಮೂವತ್ತೈದು ವರ್ಷದ ಹಿಂದಿನದು. ನಾನಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದೆ. ಅಕ್ಕನ ಮದುವೆಯಾಗಿ ಒಂದು ವರ್ಷವಾಗಿತ್ತು. ಅವಳನ್ನು ಬ್ಯಾಡಗಿಯ ಕಡೆಯ ಒಂದು ಹಳ್ಳಿಗೆ ಕೊಟ್ಟಿತ್ತು. ಪಂಚಮಿಗೆ ಅವಳನ್ನು ಕರೆಯಲು ಅಪ್ಪನೊಡನೆ ನಾನೂ ಹೋಗಿದ್ದೆ. ಬಸ್ಸಿನಲ್ಲಿ ಅಪ್ಪ ಕೇಳಿದರೂ, ಮನೆಗೆ ಬಂದ ಮೇಲೆ ಅವ್ವ ಕೇಳಿದರೂ ಅಕ್ಕನದು ಒಂದೇ ಉತ್ತರ: "ಚಲೋ ಅದೀನಿ." ಅವ್ವ ಅವಳ ತೋಳನ್ನು ಹಿಡಿದು ನೋಡಿ, "ಬಡಕಾಗೀಯಲ್ಲ" ಎಂದಳು. "ಬ್ಯಾಸಗಿ ಬಿಸಲಬೇ" ಎಂದು ಅಕ್ಕ ಮಾತು ತಿರುಗಿಸಿದಳು.

ಪಂಚಮಿಯ ಮಧ್ಯಾಹ್ನ ಅವಳ ಸರದಿ ಬಂತು. ಗೆಳತಿಯೊಬ್ಬಳೊಡನೆ ಎದುರುಬದುರಾಗಿ ಮಣೆಯ ಮೇಲೆ ನಿಂತು ಜೀಕಿದಳು. ಮೊದಲು ಎಲ್ಲರೂ ಹಾಡುವ ಪದಗಳನ್ನೇ ಹಾಡಿದಳು. ಜೋಕಾಲಿ ಎತ್ತರಕ್ಕೆ ಹೋದ ಹಾಗೆ ಪದಗಳು ಬದಲಾದವು. ಧಾಟಿ ಅದೇ, ಮೂರು ಸಾಲು ಅವೇ. ಆದರೆ ಮಾತು ಅವಳ ಸ್ವಂತದ್ದು. ಊರ ಹೊರಗಿನ ದೂರದ ಬಾವಿ, ನಸುಕಿನ ಕೊಡಗಳು, ಎಲ್ಲರೂ ಉಂಡೆದ್ದ ಮೇಲೆ ಬುಟ್ಟಿಯಲ್ಲಿ ಉಳಿಯದ ರೊಟ್ಟಿ. ಇವೆಲ್ಲ ಯಾರದೋ ಕಥೆಯೆಂಬಂತೆ ಹಾಡಿನಲ್ಲಿ ಬಂದು ಹೋದವು. ಕೆಳಗೆ ಹೆಂಗಸರು ಎಂದಿನಂತೆ ಸೊಲ್ಲು ಹಿಡಿಯುತ್ತಿದ್ದರು. ಉಂಡಿಯ ತಾಟು ಹಿಡಿದು ನಿಂತಿದ್ದ ಅವ್ವ ಮಾತ್ರ ಸೊಲ್ಲನ್ನು ಬಿಟ್ಟಳು. ನನಗೆ ಆಗ ಏನೂ ತಿಳಿಯಲಿಲ್ಲ. ಅವ್ವ ಏಕೆ ಸುಮ್ಮನಾದಳೆಂಬುದಷ್ಟೇ ನನಗೆ ನೆನಪಾಗಿ ಉಳಿದ ಒಗಟು.

ಆ ರಾತ್ರಿ ಅವ್ವ ಅಕ್ಕನನ್ನು ಏನೂ ಕೇಳಲಿಲ್ಲ. ಅಪ್ಪನಿಗೆ ಹೇಳಿದಳು. ಹಬ್ಬ ಮುಗಿದು ಹದಿನೈದು ದಿನವಾದರೂ ಅಕ್ಕನನ್ನು ಕಳುಹಿಸಲಿಲ್ಲ. ಅನಂತರ ಅಪ್ಪನೇ ಅವಳೊಡನೆ ಹೋಗಿ, ಎರಡು ದಿನ ಅಲ್ಲಿದ್ದು, ಬೀಗರೊಡನೆ ಮಾತನಾಡಿ ಬಂದ. ಮುಂದೆ ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾದೀತು. ಆದರೆ ರೊಟ್ಟಿಯ ಲೆಕ್ಕ ಸರಿಹೋಯಿತು. ಅಕ್ಕನ ಮರ್ಯಾದೆಗಾಗಲಿ ಅವಳ ಅತ್ತೆಮನೆಯ ಮರ್ಯಾದೆಗಾಗಲಿ ಧಕ್ಕೆ ಬರಲಿಲ್ಲ. ಏಕೆಂದರೆ ಅವಳು ಯಾರ ಮೇಲೂ ದೂರು ಹೇಳಿರಲಿಲ್ಲ, ಹಾಡಿದ್ದಳು. ಹಾಡು ಊರಿನದು. ಅದರಲ್ಲಿ ಬಂದ ಮಾತಿಗೆ ಯಾರೂ ಹೊಣೆಯಲ್ಲ. ತಿಳಿಯಬೇಕಾದವರು ಮಾತ್ರ ತಿಳಿದುಕೊಳ್ಳುತ್ತಾರೆ. ಹಲಸಂಗಿಯ ಗೆಳೆಯರು ಸಂಗ್ರಹಿಸಿ ೧೯೩೧ರಲ್ಲಿ ಬೆಳಕಿಗೆ ತಂದ 'ಗರತಿಯ ಹಾಡು' ಪುಸ್ತಕವನ್ನು ತರಗತಿಯಲ್ಲಿ ಪಾಠ ಹೇಳುವಾಗಲೆಲ್ಲ ನನಗೆ ಅವ್ವನ ಕೈಯಲ್ಲಿಯ ತಾಟು ಕಣ್ಣಿಗೆ ಕಟ್ಟುತ್ತದೆ. ಅಚ್ಚಾದ ತ್ರಿಪದಿಯಲ್ಲಿ ಹಾಡಿದವಳು ಇದ್ದಾಳೆ, ಕೇಳಿದವಳು ಇಲ್ಲ. ಪಾಠ ಹೇಳುವವರು ಅವಳನ್ನು ಊಹಿಸಿಕೊಳ್ಳಬೇಕು.

ಎತ್ತರಕ್ಕೇರಿದವರ ಮಾತಿಗೆ ಕಿವಿಗೊಡುವ ಪದ್ಧತಿ ನಮ್ಮ ಸೀಮೆಗೆ ಹೊಸದಲ್ಲ. ರಾಣೆಬೆನ್ನೂರು ತಾಲೂಕಿನದೇ ಆದ ದೇವರಗುಡ್ಡದಲ್ಲಿ ದಸರೆಯ ಕಾಲಕ್ಕೆ ಮಾಲತೇಶನ ಕಾರಣಿಕೋತ್ಸವ ನಡೆಯುತ್ತದೆ. ಗೊರವಯ್ಯನು ನೆಟ್ಟಗೆ ನಿಲ್ಲಿಸಿದ ದೊಡ್ಡ ಬಿಲ್ಲನ್ನೇರಿ 'ಸದ್ದಲೇ' ಎಂದು ಕೂಗುತ್ತಾನೆ. ಸಾವಿರಾರು ಜನ ಒಮ್ಮೆಗೇ ಮೌನವಾಗುತ್ತಾರೆ. ಆಗ ಆತ ಒಂದೇ ಒಂದು ನುಡಿಯನ್ನು ನುಡಿದು ಮೇಲಿನಿಂದ ಬೀಳುತ್ತಾನೆ. ಕೆಳಗಿನ ಭಕ್ತರು ಹಿಡಿದುಕೊಳ್ಳುತ್ತಾರೆ. ಆ ಒಂದು ನುಡಿಯನ್ನು ಮಳೆಗೆ, ಬೆಳೆಗೆ, ರಾಜಕಾರಣಕ್ಕೆ ಹೊಂದಿಸಿ ಜನ ವರ್ಷವಿಡೀ ಅರ್ಥ ಹೇಳುತ್ತಾರೆ. ಬಿಲ್ಲನ್ನೇರಿದ ಗೊರವನಿಗೆ ಸಾವಿರ ಕಿವಿ. ಜೋಕಾಲಿಯೇರಿದ ಹೆಣ್ಣುಮಗಳಿಗೆ ಒಂದೋ ಎರಡೋ ಕಿವಿ. ಆದರೂ ಎರಡರ ಹಿಂದಿರುವ ತಿಳಿವಳಿಕೆ ಒಂದೇ: ಮೇಲೇರಿದಾಗ ಮನುಷ್ಯನ ಬಾಯಿಂದ ನೆಲದ ಮೇಲೆ ಆಡಲಾಗದ ಮಾತು ಹೊರಡುತ್ತದೆ, ಅದನ್ನು ಕೆಳಗಿದ್ದವರು ಸುಮ್ಮನಿದ್ದು ಕೇಳಬೇಕು.

ಜಾತ್ರೆಯ ಯಂತ್ರಗಳ ಹತ್ತಿರ ಸುಮ್ಮನಿರುವವರು ಯಾರೂ ಇಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಗೆ ಹೋದವರು ಬಲ್ಲರು: ಆಕಾಶದೆತ್ತರದ ತೊಟ್ಟಿಲು, ಹಡಗಿನಂತೆ ತೂಗುವ ಕೊಲಂಬಸ್, ಗಿರಗಿರನೆ ತಿರುಗುವ ಟೊರಾ ಟೊರಾ, ಒಂದೊಂದರ ಮುಂದೆಯೂ ಒಂದೊಂದು ಧ್ವನಿವರ್ಧಕ, ಒಂದೊಂದು ಚಿತ್ರಗೀತೆ. ನಾವು ಹುಡುಗರಾಗಿದ್ದಾಗ ಕೈಯಿಂದ ತಿರುಗಿಸುವ ನಾಲ್ಕು ಪೆಟ್ಟಿಗೆಯ ಮರದ ತೊಟ್ಟಿಲು ಬರುತ್ತಿತ್ತು. ಅದಕ್ಕೆ ಇದ್ದದ್ದು ಅಚ್ಚಿನ ಕಿರುಗುಟ್ಟುವಿಕೆಯೊಂದೇ ಸಂಗೀತ. ತಿರುಗಿಸುವವನು ನಮ್ಮ ಮುಖ ನೋಡಿ, ಅಳು ಬರುವಂತಿದ್ದರೆ ವೇಗ ತಗ್ಗಿಸುತ್ತಿದ್ದ. ದೆಲ್ಲಾ ವಾಲ್ಲೆಯ ಗ್ರೀಕನು ಕೂಗಿದ್ದು ಬಹುಶಃ ಅಂಥವನೊಬ್ಬನ ಕಿವಿಗಾಗಿಯೇ.

ಚಕ್ರ ದೊಡ್ಡದಾದಂತೆ ತಿರುಗಿಸುವವನು ದೂರವಾದ. ೧೮೯೩ರಲ್ಲಿ ಶಿಕಾಗೋ ನಗರದ ಜಾಗತಿಕ ಪ್ರದರ್ಶನಕ್ಕಾಗಿ ಜಾರ್ಜ್ ಫೆರಿಸ್ ಎಂಬ ಎಂಜಿನಿಯರನು ಕಟ್ಟಿದ ಚಕ್ರದ ಎತ್ತರ ೨೬೪ ಅಡಿ; ೩೬ ಪೆಟ್ಟಿಗೆಗಳು, ಒಂದೊಂದರಲ್ಲಿ ೬೦ ಜನ. ಒಮ್ಮೆಗೆ ೨,೧೬೦ ಜನರನ್ನು ಮೇಲೊಯ್ಯುವ ಆ ಯಂತ್ರದಲ್ಲಿ ಯಾರ ಮುಖವನ್ನು ಯಾರು ನೋಡಬೇಕು? ೧೯೫೫ರ ಜುಲೈ ೧೭ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದ ಮೇಲೆ ಇಂಥ ವಿನೋದಗಳಿಗೆ ಒಂದು ಕಥೆಯನ್ನೂ ಒಂದು ಸಂಗೀತವನ್ನೂ ಹೊಲಿದು ತೊಡಿಸುವ ಕಲೆ ಬೆಳೆಯಿತು. ಥೀಮ್ ಪಾರ್ಕ್ ಎಂಬ ಹೆಸರು ಬಂದದ್ದು ಅದರಿಂದ. ಈ ಸಂಗೀತವನ್ನು ಹಗುರಾಗಿ ಕಾಣುವುದು ಸಲ್ಲ. ೧೯೬೪ರ ನ್ಯೂಯಾರ್ಕ್ ಪ್ರದರ್ಶನದಲ್ಲಿ ದೋಣಿಯಲ್ಲಿ ಕುಳಿತು ನಾನಾ ದೇಶಗಳ ಗೊಂಬೆಗಳನ್ನು ನೋಡುತ್ತ ಸಾಗುವ ಒಂದು ವಿಹಾರಕ್ಕೆ ಶೆರ್ಮನ್ ಸಹೋದರರು ಹಾಡು ಕಟ್ಟಿದರು. ಕೋಣೆಯಿಂದ ಕೋಣೆಗೆ ದೋಣಿ ಸಾಗುವಾಗ ಹಿಂದಿನ ಹಾಡೂ ಮುಂದಿನ ಹಾಡೂ ಕೂಡಿಯೇ ಕಿವಿಗೆ ಬೀಳುವವಷ್ಟೆ. ಅದಕ್ಕಾಗಿ ಪಲ್ಲವಿಯನ್ನೂ ಚರಣವನ್ನೂ ಏಕಕಾಲಕ್ಕೆ ಹಾಡಿದರೂ ಅಪಸ್ವರವಾಗದಂತೆ ಅವರು ಹೊಂದಿಸಿದರು. ೧೯೯೬ರಲ್ಲಿ ಡಿಸ್ನಿಲ್ಯಾಂಡಿನ ಕತ್ತಲೆಯ ರೋಲರ್ ಕೋಸ್ಟರೊಂದಕ್ಕೆ ಆಸನಗಳಲ್ಲಿಯೇ ಧ್ವನಿವರ್ಧಕ ಕೂಡಿಸಿ, ಏರಿಕೆಗೆ ಒಂದು ಬಗೆ, ಇಳಿಜಾರಿಗೆ ಒಂದು ಬಗೆ ಎಂದು ಸಂಗೀತವನ್ನು ಹಳಿಗೆ ಜೋಡಿಸಿದರು. ಹಗ್ಗ ತಾಳ ಕೊಡುತ್ತಿದ್ದಂತೆ ಇಲ್ಲಿ ಹಳಿ ತಾಳ ಕೊಡುತ್ತದೆ. ಕುಳಿತವನಿಗೆ ಉಳಿಯುವುದು ಒಂದೇ ಕೆಲಸ: ಕೂಗುವುದು.

ಎರಡನೆಯ ಪ್ರಸಂಗ ಹೋದ ಚಳಿಗಾಲದ್ದು. ನಮ್ಮ ವಿದ್ಯಾರ್ಥಿಗಳು ಪ್ರವಾಸಕ್ಕೆ ಹೊರಡಬೇಕೆಂದರು. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಸೊಲಬಕ್ಕನವರ ಅವರು ನಿರ್ಮಿಸಿದ ಉತ್ಸವ ರಾಕ್ ಗಾರ್ಡನ್ನನ್ನು ಅವರೆಲ್ಲ ಶಾಲೆಯ ದಿನಗಳಲ್ಲಿಯೇ ನೋಡಿದ್ದರು. ಅಲ್ಲಿ ನಮ್ಮ ಹಳ್ಳಿಯ ಬಾಳೇ ಶಿಲ್ಪವಾಗಿ ನಿಂತಿದೆ. "ನಮ್ಮೂರು ನಮಗ ಗೊತ್ತೈತ್ರಿ ಸರ್, ಬೆಂಗಳೂರಿಗೆ ಹೋಗೋಣ್ರಿ" ಎಂದರು. ಹಾಗಾಗಿ ಮೈಸೂರು ದಾರಿಯಲ್ಲಿ ಬಿಡದಿಯ ಹತ್ತಿರ ೨೦೦೫ರಲ್ಲಿ ಆರಂಭವಾದ ವಂಡರ್‌ಲಾಕ್ಕೆ ಹೋದೆವು.

ದಿನವೆಲ್ಲ ಹುಡುಗರ ಹಿಗ್ಗಿಗೆ ಎಣೆಯಿರಲಿಲ್ಲ. ಮೇಲಿನಿಂದ ಮಳೆಯಂತೆ ನೀರು ಸುರಿಯುತ್ತಿರಲು ಸಂಗೀತಕ್ಕೆ ಕುಣಿಯುವ ಮನೆಯೊಂದು ಅಲ್ಲಿದೆ. ಪಂಚಮಿಯ ಮಳೆಯಲ್ಲಿ ಬೆಳೆದ ನಮ್ಮ ಹುಡುಗರು ಆ ಮಳೆಯಲ್ಲಿಯೂ ಹಿಂದೆ ಬೀಳಲಿಲ್ಲ. ನಾನು ಕೋಸ್ಟರಿನ ಕೆಳಗಿನ ಕಟಾಂಜನದ ಹತ್ತಿರ ಎಲ್ಲರ ಚೀಲಗಳನ್ನು ಕಾಯುತ್ತ ನಿಂತಿದ್ದೆ. ಬಂಡಿ ಮೇಲೇರಿ, ಒಂದು ಕ್ಷಣ ನಿಂತಂತಾಗಿ, ಕೆಳಗೆ ಧುಮುಕಿದಾಗ ಒಂದು ಸಾಮೂಹಿಕ ಕೂಗು ಎದ್ದಿತು. ಅದರಲ್ಲಿ ಯಾರ ದನಿ ಯಾರದೆಂದು ಬ್ರಹ್ಮನಿಗೂ ತಿಳಿಯದು. 'ಇಲ್ಲಿ ಹಾಡು ಎಲ್ಲಿಯದು, ಮಾತು ಎಲ್ಲಿಯದು?' ಎಂದು ನಾನು ಮನಸ್ಸಿನಲ್ಲಿಯೇ ತೀರ್ಪನ್ನು ಬರೆಯತೊಡಗಿದ್ದೆ.

ಆಗ ಬಂಡಿಯಿಂದಿಳಿದು ಚೀಲ ಕೇಳಲು ಒಬ್ಬ ವಿದ್ಯಾರ್ಥಿನಿ ಬಂದಳು. ಮೂರು ವರ್ಷ ತರಗತಿಯಲ್ಲಿ ಹಾಜರಿಗೆ ಹೊರತಾಗಿ ಬಾಯಿ ತೆರೆದವಳಲ್ಲ. ಮುಖ ಕೆಂಪೇರಿತ್ತು, ಕಣ್ಣಲ್ಲಿ ನೀರಿತ್ತು, ನಗುತ್ತಲೂ ಇದ್ದಳು. "ನಾ ಇಷ್ಟು ಜೋರ ಎಂದೂ ಒದರಿದ್ದಿಲ್ರಿ ಸರ್" ಎಂದಳು.

"ಹೆದರಿಕಿ ಆತೇನವಾ?" ಎಂದೆ.

"ಇಲ್ರಿ. ಅಲ್ಲಿ ಎಲ್ಲಾರೂ ಒದರತಾರಲ್ರಿ. ನಾ ಏನಂದೆ ಅಂತ ಯಾರಿಗೂ ತಿಳಿಯೂದಿಲ್ಲ."

"ಏನಂದಿ?"

ಅವಳು ಚೀಲದ ಪಟ್ಟಿಯನ್ನು ಸರಿಪಡಿಸಿಕೊಳ್ಳುತ್ತ, ಬೇರೆ ಕಡೆ ನೋಡುತ್ತ, "ಪರೀಕ್ಷಾ ಮುಗಿಯೂಮಟ ಮದುವಿ ಬ್ಯಾಡ ಅಂದೆರಿ" ಎಂದಳು. ಗೆಳತಿಯರು ಕರೆದರು, ಓಡಿಹೋದಳು.

ನಾನು ಬರೆಯತೊಡಗಿದ್ದ ತೀರ್ಪು ಅಲ್ಲಿಗೇ ನಿಂತಿತು. ಅಕ್ಕ ಜೋಕಾಲಿಯ ಮೇಲೆ ಹಾಡಿನ ಮರೆಯಲ್ಲಿ ಹೇಳಿದ್ದನ್ನು ಈ ಹುಡುಗಿ ಕೋಸ್ಟರಿನ ಮೇಲೆ ಗದ್ದಲದ ಮರೆಯಲ್ಲಿ ಹೇಳಿದ್ದಳು. ಯಂತ್ರವೂ ಅವಳಿಗೆ ಒಂದು ಎತ್ತರವನ್ನು ಕೊಟ್ಟಿತ್ತು, ಬಾಯಿ ತೆರೆಯಿಸಿತ್ತು. ಅಷ್ಟು ಉಪಕಾರವನ್ನು ನಾವು ಒಪ್ಪಬೇಕು. ಆದರೆ ಹಾಡಿನ ಮರೆ ಬೇರೆ, ಗದ್ದಲದ ಮರೆ ಬೇರೆ. ಹಾಡು ಮಾತನ್ನು ಮುಚ್ಚುತ್ತ ಮುಚ್ಚುತ್ತಲೇ ಬೇಕಾದವರಿಗೆ ಮುಟ್ಟಿಸುತ್ತದೆ. ಗದ್ದಲ ಮುಚ್ಚುತ್ತದೆ, ಮುಟ್ಟಿಸುವುದಿಲ್ಲ. ಅಕ್ಕನ ಮಾತು ನೆಲಕ್ಕೆ ಬಂದಾಗ ತಾಟು ಹಿಡಿದು ನಿಂತ ಅವ್ವ ಇದ್ದಳು. ಇವಳ ಮಾತು ನೆಲಕ್ಕೆ ಬಂದಾಗ ಚೀಲ ಕಾಯುತ್ತಿದ್ದ ನಾನೊಬ್ಬ ಇದ್ದದ್ದು, ಅದೂ ಕೇಳಿದ್ದು, ಕೇವಲ ಆಕಸ್ಮಿಕ.

ಕೇಳಿದ ಮೇಲೆ ಸುಮ್ಮನಿರುವುದು ಸಾಧ್ಯವಾಗಲ್ಲಿಲ್ಲ. ಮುಂದಿನ ವಾರ ನಾನೂ ನಮ್ಮ ಸಹೋದ್ಯೋಗಿ ಅಧ್ಯಾಪಕಿಯೊಬ್ಬರೂ ಅವಳ ಮನೆಗೆ ಹೋದೆವು. ಕೋಸ್ಟರಿನ ಸುದ್ದಿಯನ್ನು ಎತ್ತಲಿಲ್ಲ. ಮಗಳು ಓದಿನಲ್ಲಿ ಚೆನ್ನಾಗಿದ್ದಾಳೆ, ಕೊನೆಯ ವರ್ಷ, ಪರೀಕ್ಷೆ ಹತ್ತಿರ ಬಂದಿದೆ ಎಂದಷ್ಟೇ ಹೇಳಿದೆವು. ತಂದೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದು ಚಹಾ ಕುಡಿಸಿದರು. ಹೊರಡುವಾಗ, "ಪರೀಕ್ಷಾ ಮುಗೀಲಿ ತಗೋರಿ, ಆಮ್ಯಾಲ ನೋಡೋಣು" ಎಂದರು. ಅವರು ಕೊಟ್ಟ ಮಾತು ಅಷ್ಟೇ. ಅವಳು ಕೇಳಿದ್ದೂ ಅಷ್ಟೇ ಆಗಿದ್ದಿತು. ಪರೀಕ್ಷೆಗೆ ಕುಳಿತಳು, ಪಾಸಾದಳು.

ಈ ಎರಡು ಪ್ರಸಂಗಗಳಿಂದ ನಾನು ಕಲಿತದ್ದು ಇದು. ಜೋಕಾಲಿ ಒಳ್ಳೆಯದು, ಯಂತ್ರ ಕೆಟ್ಟದ್ದು ಎಂಬ ವಾದದಿಂದ ಪ್ರಯೋಜನವಿಲ್ಲ. ಮೇಲೇರಬೇಕು, ಮೈ ಹಗುರಾಗಬೇಕು, ಒಮ್ಮೆ ಬಾಯಿತುಂಬ ದನಿ ತೆಗೆಯಬೇಕು ಎಂಬ ಹಂಬಲ ನಮ್ಮ ಅವ್ವಂದಿರಿಗೂ ಇತ್ತು, ನಮ್ಮ ವಿದ್ಯಾರ್ಥಿನಿಯರಿಗೂ ಇದೆ. ಅದಕ್ಕೆ ಹಗ್ಗವಾದರೇನು, ಹಳಿಯಾದರೇನು? ಪಂಚಮಿಯ ಜೋಕಾಲಿಯ ಹೆಚ್ಚುಗಾರಿಕೆ ಇದ್ದದ್ದು ಮೇಲೆ ಅಲ್ಲ, ಕೆಳಗೆ. ಸೊಲ್ಲು ಹಿಡಿಯುತ್ತ ನಿಂತ ಆ ಹೆಂಗಸರ ಗುಂಪಿನಲ್ಲಿ. ಸೊಲ್ಲು ಹಿಡಿಯಬೇಕಾದರೆ ಮೊದಲು ಸಾಲನ್ನು ಕೇಳಬೇಕು. ಮೊಬೈಲು ಹಾಡುವಾಗ ಸೊಲ್ಲು ಹಿಡಿಯುವವರು ಬೇಕಾಗುವುದಿಲ್ಲ; ಹಾಡನ್ನು ಪೂರ್ತಿ ಅದೇ ಮುಗಿಸಿಬಿಡುತ್ತದೆ. ಆ ಮುದುಕಿ ಹಾಡುವವರು ಇಲ್ಲವೆಂದಳು. ಹಾಡುವವರಿಗಿಂತ ಮೊದಲು ಹೋದವರು ಕೇಳುವವರು ಎಂದು ನನಗೆ ತೋರುತ್ತದೆ.

ಈಚೆಗೆ ಅಕ್ಕ ರಾಣೆಬೆನ್ನೂರಿನ ನಮ್ಮ ಮನೆಗೆ ಬಂದಾಗ, ಹೆಸರು ಹೇಳದೆ, ಈ ಹುಡುಗಿಯ ಸುದ್ದಿಯನ್ನು ತಿಳಿಸಿದೆ. ಅಕ್ಕನಿಗೀಗ ಮೊಮ್ಮಕ್ಕಳಿದ್ದಾರೆ. ತನ್ನ ಜೋಕಾಲಿಯ ಮಾತನ್ನು ಅವಳು ಎಂದೂ ಎತ್ತಿದವಳಲ್ಲ; ನಾನೂ ಎತ್ತಲಿಲ್ಲ. ಎಲ್ಲವನ್ನೂ ಕೇಳಿ, "ಆಕಿ ಏನರ ಹಾಡತಾಳೇನೊ?" ಎಂದಳು.

"ಇಲ್ಲಕ್ಕಾ, ಹಾಡಾಕ ಬರೂದಿಲ್ಲಂತ."

"ಅಡ್ಡಿಯಿಲ್ಲ ಬಿಡು" ಎಂದು ಅಕ್ಕ ಎದ್ದು ಒಳಗೆ ಹೋದಳು. ಹೋಗುವಾಗ ಬಾಗಿಲಲ್ಲಿ ನಿಂತು, "ಮುಂದಿನ ಪಂಚಮಿಗೆ ಊರಿಗೆ ಹೋಗೂದಾದ್ರ ನನ್ನೂ ಕರಿಯಾಕ ಬಾ. ಆ ಹುಡುಗ್ಯಾರ ಜೋಕಾಲಿ ಹಂತೇಕ ಒಂದೀಟು ಕುಂದರತೀನಿ" ಎಂದಳು.